ಮೌಂಟೇನ್ ಬೈಕಿನ ಸೀಟು ಎಷ್ಟು ಎತ್ತರ ಇರಬೇಕು? ಬೆಟ್ಟ ಹತ್ತುವಾಗ ಮಂಡಿಯ ಮುಂದೆ ನೋವು

ಬೆಟ್ಟದಹಾದಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಮೌಂಟೇನ್ ಬೈಕ್ ತೆಗೆದುಕೊಂಡಿದ್ದೇನೆ. ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು), 27.5 ಇಂಚಿನ ಚಕ್ರ, ಮುಂದೆ 100 ಮಿ.ಮೀ. ಸಸ್ಪೆನ್ಷನ್, ಸ್ಮಾಲ್ ಸೈಜಿನ ಫ್ರೇಮ್. ನನ್ನ ಎತ್ತರ 5 ಅಡಿ 4 ಇಂಚು. ಬೆಳಗ್ಗೆ ಹೊತ್ತು ಚಾಮುಂಡಿ ಬೆಟ್ಟದ ರಸ್ತೆ ಹತ್ತುತ್ತೇನೆ, ಭಾನುವಾರ ಊರಾಚೆ ಮಣ್ಣಿನ ದಾರಿಗಳಲ್ಲಿ ಸುತ್ತುತ್ತೇನೆ.

ಬೈಕ್ ಕೊಡುವಾಗ ಅಂಗಡಿಯವರು ನನ್ನನ್ನು ಸೀಟಿನ ಮೇಲೆ ಕೂರಿಸಿ, ಎರಡೂ ಕಾಲು ನೆಲಕ್ಕೆ ತಾಗುತ್ತಾ ನೋಡಿ, ತಾಗುತ್ತೆ ಅಂದ ಮೇಲೆ ಬಿಗಿ ಮಾಡಿ ಕೊಟ್ಟರು. ಓಡಾಡಲು ಆರಾಮಾಗಿದೆ. ಆದರೆ ಬೆಟ್ಟದ ಅರ್ಧ ದಾರಿ ಮುಗಿಯುವಷ್ಟರಲ್ಲಿ ಮಂಡಿಚಿಪ್ಪಿನ ಕೆಳಗೆ, ಮುಂಭಾಗದಲ್ಲಿ ನೋವು ಶುರುವಾಗುತ್ತದೆ. ತೊಡೆ ಉರಿಯುತ್ತದೆ. ಸಂಜೆ ಮನೆಯ ಮೆಟ್ಟಿಲು ಇಳಿಯುವಾಗಲೂ ಅದೇ ಜಾಗ ಹಿಡಿದುಕೊಳ್ಳುತ್ತದೆ. ಊತ ಏನೂ ಇಲ್ಲ.

ಜೊತೆಗೆ ಬರುವ ಗೆಳತಿ ಸೀಟು ಎತ್ತು ಅನ್ನುತ್ತಾಳೆ. ಅಣ್ಣ, ಎತ್ತಿದರೆ ಬೀಳ್ತೀಯ, ಹಾಗೇ ಇರಲಿ ಅನ್ನುತ್ತಾನೆ. ವಿಡಿಯೊ ನೋಡಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಡಾಂಬರು ರಸ್ತೆಗೂ ಕಲ್ಲು ಮಣ್ಣಿನ ಇಳಿಜಾರಿಗೂ ಒಂದೇ ಎತ್ತರ ಸಾಕಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗಾಲಿಕಡ್ಡಿ (ಬೆಂಗಳೂರು):

ಮೇಡಂ, ನಿಮ್ಮ ಅಂಗಡಿಯವರು ಸೀಟನ್ನು ನೆಲದಿಂದ ಅಳೆದಿದ್ದಾರೆ. ಅಳೆಯಬೇಕಾದ್ದು ಪೆಡಲಿನಿಂದ. ನೋವಿನ ಮೂಲ ಹೆಚ್ಚುಕಮ್ಮಿ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚಿಕೊಳ್ಳುತ್ತದೆ. ಆ ಮಡಚಿದ ಸ್ಥಿತಿಯಲ್ಲೇ ನೀವು ಜೋರಾಗಿ ತುಳಿಯಬೇಕು. ಆಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ, ಕೆಳಗಿನ ಸ್ನಾಯುರಜ್ಜು ಎಳೆಯುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಒತ್ತಡ ಕಡಿಮೆ. ಚಾಮುಂಡಿಯಂಥ ಏರಿನಲ್ಲಿ ನಿಧಾನಕ್ಕೆ, ಭಾರವಾಗಿ, ಒಂದೊಂದು ಸುತ್ತನ್ನೂ ಒತ್ತಿ ಒತ್ತಿ ತುಳಿಯುತ್ತೀರಿ ಅಲ್ವಾ, ಅಲ್ಲಿ ಹಿಡಿದುಕೊಳ್ಳುತ್ತದೆ. ಮುಂದೆ ನೋವು ಬಂದರೆ ಮೊದಲು ಅನುಮಾನ ಪಡಬೇಕಾದ್ದು ತಗ್ಗು ಸೀಟನ್ನು, ಮಂಡಿಯ ಹಿಂದೆ ನೋವು ಬಂದರೆ ಎತ್ತರದ ಸೀಟನ್ನು. ಯಾವಾಗಲೂ ಹೀಗೇ ಅಂತಲ್ಲ, ಆದರೆ ಹುಡುಕಾಟ ಶುರು ಮಾಡಲು ಇದು ಒಳ್ಳೆಯ ಜಾಗ.

ಈಗ ಮನೆಯಲ್ಲೇ ಮಾಡುವ ವಿಧಾನ. ಬೈಕನ್ನು ಗೋಡೆ ಪಕ್ಕ ನಿಲ್ಲಿಸಿ, ಒಂದು ಮೊಣಕೈ ಗೋಡೆಗೆ ಕೊಟ್ಟು ಸೀಟಿನ ಮೇಲೆ ಕೂತುಕೊಳ್ಳಿ. ರೈಡಿಗೆ ಹಾಕುವ ಶೂ ಹಾಕಿಕೊಂಡೇ ಮಾಡಿ, ಪ್ಯಾಡ್ ಇರುವ ಚಡ್ಡಿ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಹಾಕಿಕೊಳ್ಳಿ. ಎರಡೂ ಸೇರಿ ಒಂದು ಸೆಂಟಿಮೀಟರ್‌ವರೆಗೆ ಆಚೀಚೆ ಮಾಡುತ್ತವೆ. ಕಾಲಿನ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ನೇರ ಆಗಬೇಕು, ಹಿಮ್ಮಡಿ ಪೆಡಲನ್ನು ಬಿಡಬಾರದು, ಸೊಂಟ ಆ ಕಡೆಗೆ ವಾಲಬಾರದು. ಮಂಡಿ ಇನ್ನೂ ಬಾಗಿದ್ದರೆ ಸೀಟು ಎತ್ತಿ. ಹಿಮ್ಮಡಿ ಸಿಗಲು ಸೊಂಟ ಜಾರಿಸಬೇಕಾಗಿ ಬಂದರೆ ಇಳಿಸಿ. ಎರಡೂ ಕಾಲಿಗೆ ನೋಡಿ, ಕೆಲವರಿಗೆ ಒಂದು ಕಾಲು ಸ್ವಲ್ಪ ಚಿಕ್ಕದಿರುತ್ತದೆ. ಹಾಗಿದ್ದರೆ ಚಿಕ್ಕ ಕಾಲಿಗೆ ಹೊಂದಿಸುವುದು ವಾಸಿ.

ಆಮೇಲೆ ತುಳಿಯುವಾಗ ಹಿಮ್ಮಡಿ ಅಲ್ಲ, ಪಾದದ ಮುಂಭಾಗ ಪೆಡಲ್ ಮೇಲಿರುತ್ತದೆ. ಆಗ ಮಂಡಿಯಲ್ಲಿ ತಾನಾಗಿಯೇ ಸ್ವಲ್ಪ ಬಾಗು ಉಳಿಯುತ್ತದೆ. ಆ ಬಾಗು, ಪೆಡಲ್ ಕೆಳತುದಿಯಲ್ಲಿ ಇರುವಾಗ, ನೇರ ಕಾಲಿನಿಂದ 25ರಿಂದ 35 ಡಿಗ್ರಿ ಇರಬೇಕು ಅನ್ನುವುದು ಬೈಕ್ ಫಿಟ್ ಮಾಡುವವರ ಲೆಕ್ಕ. ಗೆಳತಿಗೆ ಹೇಳಿ ಪಕ್ಕದಿಂದ ಫೋನಿನಲ್ಲಿ ವಿಡಿಯೊ ತೆಗೆಸಿ ನಿಲ್ಲಿಸಿ ನೋಡಿದರೆ ಅಂದಾಜು ಸಿಗುತ್ತದೆ. ಹಿಂದಿನಿಂದಲೂ ಒಂದು ವಿಡಿಯೊ ತೆಗೆಸಿ. ಸೊಂಟ ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದರೆ ಸೀಟು ಜಾಸ್ತಿ ಎತ್ತರ ಆಗಿದೆ ಅಂತ ಅರ್ಥ. ಕೂತವರಿಗೆ ಅದು ಗೊತ್ತಾಗುವುದು ಕಡಿಮೆ, ಹಿಂದೆ ಬರುವವರಿಗೆ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಊತ ಬಂದರೆ, ಮಂಡಿ ಹಿಡಿದು ನಿಂತುಬಿಟ್ಟರೆ, ಅಥವಾ ಸೀಟು ಸರಿ ಮಾಡಿ ಕೆಲವು ವಾರ ಆದ ಮೇಲೂ ನೋವು ಹಾಗೇ ಇದ್ದರೆ ಬೈಕ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ತೋಟದಸವಾರ (ಸಕಲೇಶಪುರ):

ಗಾಲಿಕಡ್ಡಿ ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಅದು ಏರಿನ ಲೆಕ್ಕ. ಮೌಂಟೇನ್ ಬೈಕಿಗೆ ಒಂದೇ ಎತ್ತರ ಅನ್ನುವುದು ಇಲ್ಲವೇ ಇಲ್ಲ. ಕನಿಷ್ಠ ಎರಡು ಇರಬೇಕು.

ನಮ್ಮ ಕಡೆ ತೋಟದ ರಸ್ತೆಗಳು ಹೇಗಿರುತ್ತವೆ ಅಂದರೆ, ಮಳೆ ನೀರು ಕೊರೆದು ನಡುವೆ ಒಂದು ಕಾಲುವೆ, ಅದರ ಅಂಚಲ್ಲಿ ಉರುಟು ಕಲ್ಲು, ಮೇಲೆ ಒದ್ದೆ ಎಲೆ. ಅಂಥಲ್ಲಿ ಇಳಿಯುವಾಗ ಸೀಟಿನ ಮೇಲೆ ಕೂರುವ ಪ್ರಶ್ನೆಯೇ ಬರುವುದಿಲ್ಲ. ಎರಡೂ ಪೆಡಲ್ ಸಮಮಟ್ಟಕ್ಕೆ ತಂದು, ಎದ್ದು ನಿಂತು, ಮಂಡಿ ಮೊಣಕೈ ಬಾಗಿಸಿ, ಬೈಕನ್ನು ಕೆಳಗೆ ಅದರ ಪಾಡಿಗೆ ಕುಣಿಯಲು ಬಿಡಬೇಕು. ಸೀಟು ಏರಿನ ಎತ್ತರದಲ್ಲೇ ಇದ್ದರೆ ಕೂರಲೂ ಆಗದೆ ತಗ್ಗಲೂ ಆಗದೆ ಮೈ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ಚಕ್ರ ಒಂದು ಕಲ್ಲಿನಿಂದ ಧಡಕ್ಕನೆ ಇಳಿದಾಗ ಸೀಟು ಕೆಳಗಿನಿಂದ ಗುದ್ದಿ ಸವಾರನನ್ನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ದೂಡುತ್ತದೆ. ಬೀಳುವುದು ಹೀಗೆ. ನಿಮ್ಮ ಅಣ್ಣ ಹೇಳಿದ ಭಯ ಸುಳ್ಳಲ್ಲ, ಆದರೆ ಅದು ಇಳಿಜಾರಿಗೆ ಮಾತ್ರ ಸೇರಿದ್ದು.

ನಾನು ಮಾಡುವುದು ಹೀಗೆ. ಏರಿನ ಎತ್ತರ ಸರಿ ಬಂದ ಮೇಲೆ ಸೀಟ್ ಪೋಸ್ಟ್ (ಸೀಟನ್ನು ಹೊತ್ತಿರುವ ಕೊಳವೆ) ಫ್ರೇಮಿಗೆ ಸೇರುವ ಜಾಗದಲ್ಲಿ ಇನ್ಸುಲೇಷನ್ ಟೇಪಿನ ಒಂದು ಸುತ್ತು. ಅದು ಮೇಲಿನ ಗುರುತು. ಕಡಿದಾದ ಇಳಿಜಾರಿಗೆ ಬಂದಾಗ ಕ್ವಿಕ್ ರಿಲೀಸ್ (ಪೋಸ್ಟನ್ನು ಬಿಗಿ ಹಿಡಿಯುವ, ಕೈಯಲ್ಲೇ ಬಿಚ್ಚುವ ಲಿವರ್) ಬಿಚ್ಚಿ 8-10 ಸೆಂ.ಮೀ. ಇಳಿಸುತ್ತೇನೆ, ಕೆಳಗೆ ತಲುಪಿ ಮತ್ತೆ ಟೇಪಿನವರೆಗೆ ಎತ್ತುತ್ತೇನೆ. ಪೋಸ್ಟಿನ ಮೇಲೆ ಮೊಳೆಯಲ್ಲಿ ಗೀರಬೇಡಿ. ಗೀರಿದ ಜಾಗದಲ್ಲೇ ಬಿರುಕು ಹುಟ್ಟುತ್ತದೆ. ಬರೀ ಉಬ್ಬುತಗ್ಗು, ಅಂಥ ಕಡಿದಲ್ಲ ಅಂದರೆ 2-3 ಸೆಂ.ಮೀ. ಇಳಿಸಿದರೂ ಸಾಕು, ಆ ಎತ್ತರದಲ್ಲಿ ತುಳಿಯಲೂ ಬರುತ್ತದೆ. ನಿಮ್ಮ ಬೈಕಿಗೆ ಕ್ವಿಕ್ ರಿಲೀಸ್ ಬದಲು ಬೋಲ್ಟ್ ಇದ್ದರೆ ಜೇಬಲ್ಲಿ ಒಂದು ಅಲನ್ ಕೀ ಇಟ್ಟುಕೊಳ್ಳಿ.

ಬೆಟ್ಟದಹಾದಿ (ಮೈಸೂರು):

ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಹಿಮ್ಮಡಿ ಇಟ್ಟು ನೋಡಿದೆ. ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ತಿರುಗುವ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಈಗಿರುವುದು 56 ಸೆಂ.ಮೀ., ಹಿಮ್ಮಡಿ ಲೆಕ್ಕದಲ್ಲಿ ಬರುವುದು 64! ಎಂಟು ಸೆಂಟಿಮೀಟರ್ ವ್ಯತ್ಯಾಸ ನೋಡಿ ಗಾಬರಿಯಾಯಿತು. ಗೋಡೆಗೆ ತೊಡೆಸಂದಿನ ಮಟ್ಟದಲ್ಲಿ ಪುಸ್ತಕ ಒತ್ತಿ ಒಳಗಾಲು ಅಳೆದೆ, 74 ಸೆಂ.ಮೀ. ಬಂತು. ಕ್ರ್ಯಾಂಕ್ ಮೇಲೆ ಉದ್ದ 170 (ಮಿ.ಮೀ.) ಅಂತ ಬರೆದಿದೆ.

ಎರಡು ಪ್ರಶ್ನೆ. 64ಕ್ಕೆ ಎತ್ತಿ ಕೂತರೆ ಕಾಲು ನೆಲಕ್ಕೆ ತಾಗುವುದೇ ಇಲ್ಲ, ಸಿಗ್ನಲ್‌ನಲ್ಲಿ ಏನು ಮಾಡುವುದು? ಮತ್ತೆ ಒಂದೇ ಸಲ 8 ಸೆಂ.ಮೀ. ಎತ್ತಬಹುದಾ?

ಗಾಲಿಕಡ್ಡಿ (ಬೆಂಗಳೂರು):

ಗಾಬರಿ ಬೇಡ. ಲೆಕ್ಕ ಹಾಕಿ ನೋಡೋಣ.

ಮೌಂಟೇನ್ ಬೈಕಿನಲ್ಲಿ ಪೆಡಲ್ ಕಲ್ಲಿಗೆ ಬಡಿಯಬಾರದು ಅಂತ ಕ್ರ್ಯಾಂಕಿನ ನಡುವನ್ನು ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಇಡುತ್ತಾರೆ. ಅಲ್ಲಿಂದ ಸೀಟಿಗೆ 64, ಆದರೆ ಸೀಟ್ ಟ್ಯೂಬ್ (ಪೋಸ್ಟ್ ಇಳಿಯುವ ಫ್ರೇಮಿನ ಕೊಳವೆ) ಹಿಂದಕ್ಕೆ ವಾಲಿರುವುದರಿಂದ ನೇರ ಎತ್ತರ 61ರ ಆಸುಪಾಸು. ಕೂಡಿದರೆ ಸೀಟು ನೆಲದಿಂದ 91 ಸೆಂ.ಮೀ. ನಿಮ್ಮ ಒಳಗಾಲು 74, ಶೂ ಸೇರಿಸಿ 76-77. ಹೇಗೆ ತಾಗೀತು ಹೇಳಿ? ಸರಿಯಾದ ಎತ್ತರದಲ್ಲಿ ಕೂತು ಎರಡೂ ಕಾಲು ನೆಲಕ್ಕೆ ಊರುವುದು ಯಾರಿಂದಲೂ ಆಗದ ಕೆಲಸ, ಆರಡಿ ಇದ್ದವರಿಗೂ. ಅವರ ಸೀಟೂ ಅಷ್ಟೇ ಮೇಲಿರುತ್ತದೆ.

ಹಾಗಾಗಿ ನಿಲ್ಲಿಸುವ ಮತ್ತು ಹೊರಡುವ ರೀತಿ ಬದಲಾಗಬೇಕು. ನಿಲ್ಲುವಾಗ ವೇಗ ಕಡಿಮೆ ಮಾಡಿ, ಒಂದು ಪೆಡಲ್ ಕೆಳಗೆ ತಂದು ಅದರ ಮೇಲೆ ಭಾರ ಬಿಟ್ಟು ನಿಲ್ಲಿ, ಸೀಟಿನಿಂದ ಮುಂದಕ್ಕೆ ಜಾರಿ ಮೇಲಿನ ಟ್ಯೂಬಿನ ಮೇಲೆ ಬನ್ನಿ, ಇನ್ನೊಂದು ಕಾಲು ನೆಲಕ್ಕೆ. ಹೊರಡುವಾಗ ಅದರ ಉಲ್ಟಾ. ಒಂದು ಪೆಡಲನ್ನು ಮೇಲೆ ಸ್ವಲ್ಪ ಮುಂದೆ ತಂದು, ಅದರ ಮೇಲೆ ಒತ್ತಿ ನಿಂತರೆ ಬೈಕೂ ಮುಂದೆ ಹೋಗುತ್ತದೆ, ನೀವೂ ಸೀಟಿನ ಮಟ್ಟಕ್ಕೆ ಏರುತ್ತೀರಿ. ಆಗ ಕೂತರಾಯಿತು. ಟ್ರಾಫಿಕ್ಕಿಗೆ ಹೋಗುವ ಮೊದಲು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಒಂದೇ ಸಲ 8 ಬೇಡ. ಮೈ ತಗ್ಗು ಸೀಟಿಗೆ ಒಗ್ಗಿರುತ್ತದೆ. ಒಮ್ಮೆಗೇ ಎತ್ತಿದರೆ ಮಂಡಿಯ ಹಿಂದೆ, ತೊಡೆಯ ಹಿಂಭಾಗದಲ್ಲಿ ಸೆಳೆತ ಬರಬಹುದು. ಮೊದಲು 3-4 ಸೆಂ.ಮೀ. ಎತ್ತಿ ಕೆಲವು ಸಲ ಓಡಿಸಿ, ಆಮೇಲೆ ಒಂದೊಂದೇ ಸೆಂಟಿಮೀಟರ್. 62 ದಾಟಿದ ಮೇಲೆ 5 ಮಿ.ಮೀ. ಮೀರಿ ಕದಲಿಸಬೇಡಿ, ಅಲ್ಲಿಂದಾಚೆ ಅಷ್ಟೂ ಗೊತ್ತಾಗುತ್ತದೆ.

ಒಳಗಾಲಿನ ಅಳತೆ ಕೊಟ್ಟಿದ್ದೀರಿ, ಹಾಗಾಗಿ ಸೂತ್ರಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಚ್ಚು ಜನ ಹೇಳುವುದು 0.883. ಟೂರ್ ಡಿ ಫ್ರಾನ್ಸ್ ಅನ್ನು 1986, 1989, 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡುವ ಸಂಖ್ಯೆ ಇದು. ಒಳಗಾಲನ್ನು ಅದರಿಂದ ಗುಣಿಸಿದರೆ ಕ್ರ್ಯಾಂಕಿನ ನಡುವಿನಿಂದ ಸೀಟಿಗೆ ಇರಬೇಕಾದ ದೂರ. ನಿಮಗೆ 65.3 ಬರುತ್ತದೆ. ಇನ್ನೊಂದು, ಸಂಶೋಧಕರಾದ ಹ್ಯಾಮ್ಲಿ ಮತ್ತು ಥಾಮಸ್ 1967ರಲ್ಲಿ ಕೊಟ್ಟ 109 ಶೇಕಡಾ. ಇದು ಕೆಳಗಿರುವ ಪೆಡಲಿನ ಅಕ್ಷದಿಂದ ಸೀಟಿಗೆ. ನಿಮಗೆ 80.7, ಅದರಲ್ಲಿ ಕ್ರ್ಯಾಂಕಿನ 17 ಕಳೆದರೆ 63.7. ನೋಡಿ, ಎರಡೂ ಹೆಸರುವಾಸಿ ಸೂತ್ರಗಳೇ, ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ಅಂತರ. ವಿಡಿಯೊಗಳಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ ಆಗುವುದು ಇದಕ್ಕೇ. 0.883ರಲ್ಲಿ ಕ್ರ್ಯಾಂಕಿನ ಉದ್ದದ ಲೆಕ್ಕವೇ ಇಲ್ಲ. 165ರ ಕ್ರ್ಯಾಂಕಿಗೂ 175ರ ಕ್ರ್ಯಾಂಕಿಗೂ ಒಂದೇ ಉತ್ತರ ಕೊಡುತ್ತದೆ. ನಿಮ್ಮ ಹಿಮ್ಮಡಿ ಕೊಟ್ಟ 64 ಎರಡರ ನಡುವೆ ಬಿದ್ದಿದೆ, ಅದನ್ನೇ ನಂಬಿ. ನಿಮ್ಮದು ಚಪ್ಪಟೆ ಪೆಡಲ್ ಆಗಿದ್ದು ಪಾದವನ್ನು ಸ್ವಲ್ಪ ಮುಂದಿಟ್ಟು ತುಳಿಯುವ ಅಭ್ಯಾಸ ಇದ್ದರೆ 63.5ಕ್ಕೆ ನಿಂತರೂ ನಷ್ಟವಿಲ್ಲ.

ಮರೆಯುವ ಮೊದಲು: ಸೀಟು 8 ಸೆಂ.ಮೀ. ಮೇಲೆ ಹೋದರೆ ಟ್ಯೂಬಿನ ವಾಲಿಕೆಯಿಂದಾಗಿ 2 ಸೆಂ.ಮೀ.ಗಿಂತ ತುಸು ಜಾಸ್ತಿ ಹಿಂದಕ್ಕೂ ಹೋಗುತ್ತದೆ. ಹ್ಯಾಂಡಲ್ ದೂರವಾದಂತೆ ಅನ್ನಿಸಿದರೆ ಸೀಟನ್ನು ಅದರ ಕೆಳಗಿರುವ ಕಂಬಿಗಳ (ಹಳಿ) ಮೇಲೆ ಸ್ವಲ್ಪ ಮುಂದೆ ತನ್ನಿ. ಎತ್ತರ ಮುಗಿಸಿದ ಮೇಲೆ ಮಾಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಇಳಿಜಾರು (ಬೆಂಗಳೂರು):

ನನ್ನದು ಬೇರೆ ಅಭಿಪ್ರಾಯ. ಇಷ್ಟೆಲ್ಲಾ ಲೆಕ್ಕ ರೋಡ್ ಬೈಕಿನವರಿಗೆ. ತುರಹಳ್ಳಿ ಕಾಡಿನಂಥ ಜಾಗದಲ್ಲಿ ಏರೂ ಇಳಿತವೂ ಒಂದರ ಹಿಂದೆ ಒಂದು ಬರುತ್ತವೆ. ಬಂಡೆ ಹತ್ತಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಳಿಯಬೇಕು. ಪ್ರತಿ ಸಲ ಇಳಿದು ಕ್ವಿಕ್ ರಿಲೀಸ್ ಬಿಚ್ಚುತ್ತಾ ಕೂತರೆ ಸವಾರಿಯ ಖುಷಿಯೇ ಹೋಗುತ್ತದೆ. ನಾನು ಸೀಟು ತಗ್ಗಿಸಿಯೇ ಇಟ್ಟಿರುತ್ತೇನೆ, ಏರು ಬಂದರೆ ನಿಂತು ತುಳಿಯುತ್ತೇನೆ. ಮಂಡಿಗೆ ಏನೂ ಆಗಿಲ್ಲ.

ತೋಟದಸವಾರ (ಸಕಲೇಶಪುರ):

@ಇಳಿಜಾರು, ನಿಂತು ತುಳಿಯುವುದರಿಂದಲೇ ನಿಮ್ಮ ಮಂಡಿ ಉಳಿದಿದೆ ಗುರು. ನಿಂತಾಗ ಕಾಲು ತಾನಾಗಿ ನೇರ ಆಗುತ್ತದೆ, ಸೀಟು ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ಚಿಕ್ಕ ಚಿಕ್ಕ ಏರಿಗೆ ಅದು ಸರಿ. ಅವರು ಕೇಳುತ್ತಿರುವುದು ಕಿಲೋಮೀಟರ್‌ಗಟ್ಟಲೆ ಏರುವ ರಸ್ತೆಯ ಬಗ್ಗೆ. ಅಷ್ಟು ಹೊತ್ತು ನಿಂತು ತುಳಿಯಲು ಯಾರಿಗೆ ಆಗುತ್ತದೆ? ಅಲ್ಲದೆ ಒದ್ದೆ ಮಣ್ಣಿನ ಕಡಿದಾದ ಏರಿನಲ್ಲಿ ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಅಲ್ಲೇ ಸುಮ್ನೆ ತಿರುಗುತ್ತದೆ. ಕೂತು, ಸೀಟಿನ ಮೂತಿಗೆ ಜರುಗಿ, ಎದೆ ತಗ್ಗಿಸಿ ತುಳಿದಾಗ ಚಕ್ರ ನೆಲ ಕಚ್ಚುತ್ತದೆ. ಅದಕ್ಕೆ ಸೀಟು ಸರಿಯಾದ ಎತ್ತರದಲ್ಲಿ ಇರಲೇಬೇಕು.

ಕಡಲಾಚೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ):

ನೀವಿಬ್ಬರು ಆಡುತ್ತಿರುವ ಇದೇ ವಾದ ಮೌಂಟೇನ್ ಬೈಕ್ ಹುಟ್ಟಿದಾಗಿನಿಂದ ಇದೆ. ನಾನಿರುವ ಜಾಗದಿಂದ ಉತ್ತರಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ದಾಟಿದರೆ ಮರಿನ್ ಕೌಂಟಿ. ಅಲ್ಲಿ 1976ರಲ್ಲಿ ಶುರುವಾದ ರಿಪ್ಯಾಕ್ ರೇಸಿನಲ್ಲಿ ಹಳೇ ದಪ್ಪ ಚಕ್ರದ ಬೈಕುಗಳನ್ನು ಮಣ್ಣಿನ ರಸ್ತೆಯಲ್ಲಿ ಕೆಳಗೆ ಓಡಿಸುತ್ತಿದ್ದರು. ಸುಮಾರು 400 ಮೀಟರ್ ಇಳಿತ. ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು, ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು. ಆ ರೇಸುಗಳನ್ನು ಅತಿ ಹೆಚ್ಚು ಸಲ ಗೆದ್ದ ಜೋ ಬ್ರೀಜ್, ತನ್ನ ಗೆಳೆಯ ಜಾಶ್ ಏಂಜೆಲ್ ಜೊತೆ ಸೇರಿ 1984ರಲ್ಲಿ ಹೈಟ್-ರೈಟ್ ಅನ್ನುವ ಸ್ಪ್ರಿಂಗನ್ನು ಹೊರತಂದರು. ಸೀಟ್ ಪೋಸ್ಟಿಗೂ ಫ್ರೇಮಿಗೂ ನಡುವೆ ಹಾಕುವುದು. ಬೈಕ್ ಮೇಲೆ ಕೂತೇ ಕ್ವಿಕ್ ರಿಲೀಸ್ ಬಿಚ್ಚಿ ಭಾರ ಬಿಟ್ಟರೆ ಸೀಟು ಇಳಿಯುತ್ತಿತ್ತು, ಎದ್ದರೆ ಸ್ಪ್ರಿಂಗ್ ಮತ್ತೆ ಮೇಲಕ್ಕೆ ಎತ್ತುತ್ತಿತ್ತು. ಸೀಟಿನ ಮೂತಿಯೂ ನೇರ ಇರುತ್ತಿತ್ತು.

ಈಗಿನ ಡ್ರಾಪರ್ ಪೋಸ್ಟ್ ಅದೇ ಆಸೆಯ ಮುಂದುವರಿಕೆ. ಹ್ಯಾಂಡಲ್ ಮೇಲೆ ಹೆಬ್ಬೆರಳಿಗೆ ಒಂದು ಲಿವರ್. ಒತ್ತಿ ಕೂತರೆ ಇಳಿಯುತ್ತದೆ, ಒತ್ತಿ ಎದ್ದರೆ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. 2022ರ ಮಿಲಾನ್–ಸ್ಯಾನ್ ರೆಮೋ ರೋಡ್ ರೇಸಿನಲ್ಲಿ ಮಾತೆಯ್ ಮೊಹೊರಿಚ್ ಡ್ರಾಪರ್ ಹಾಕಿಕೊಂಡು ಕೊನೆಯ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದ. ರೋಡ್ ಬೈಕಿನವರಿಗೇ ಉಪಯೋಗ ಆಗಿದೆ ಅಂದ ಮೇಲೆ ನಮಗೆ ಕೇಳಬೇಕಾ! ಏರಿಳಿತ ಒಂದರ ಮೇಲೊಂದು ಬರುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೇರ್ ಅಪ್‌ಗ್ರೇಡ್‌ಗಿಂತ ಮೊದಲು ಇದನ್ನು ಹಾಕಿಸಿ.

ಆದರೆ ಮೇಡಂ, ಕೊಳ್ಳುವ ಮೊದಲು ಏರಿನ ಎತ್ತರ ಪಕ್ಕಾ ಆಗಿರಲಿ. ಆ ಎತ್ತರದಲ್ಲಿ ಸೀಟಿನ ಹಳಿಯಿಂದ ಫ್ರೇಮಿನ ಕ್ಲ್ಯಾಂಪ್‌ವರೆಗೆ ಎಷ್ಟು ಪೋಸ್ಟ್ ಹೊರಗಿದೆ ಅಳೆಯಿರಿ. ಡ್ರಾಪರಿನ ತಲೆ ಮತ್ತು ಕಾಲರಿಗೇ 5 ಸೆಂ.ಮೀ. ಹತ್ತಿರ ಬೇಕು. ಹೊರಗೆ 20 ಸೆಂ.ಮೀ. ಇದ್ದರೆ 125 ಮಿ.ಮೀ. ಡ್ರಾಪರ್ ನಿರಾಳವಾಗಿ ಕೂರುತ್ತದೆ, 150ಕ್ಕೆ ಜಾಗ ಬಿಗಿ. ಒಳಗೆ ಎಷ್ಟು ಆಳ ಹೋಗುತ್ತದೆ ಅನ್ನುವುದನ್ನೂ ನೋಡಬೇಕು, ಬಾಟಲಿ ಹೋಲ್ಡರಿನ ಬೋಲ್ಟ್ ಕೆಲವು ಫ್ರೇಮುಗಳಲ್ಲಿ ಅಡ್ಡ ಬರುತ್ತದೆ. ಜಾಸ್ತಿ ಉದ್ದದ ಡ್ರಾಪರ್ ಕೊಂಡರೆ ಪೂರ್ತಿ ಮೇಲೆದ್ದಾಗ ಸೀಟು ನಿಮಗೆ ಎತ್ತರವಾಗಿಬಿಡುತ್ತದೆ, ಮತ್ತೆ ಅದೇ ಮಂಡಿ ಸಮಸ್ಯೆ, ಈ ಸಲ ಹಿಂದೆ.

ಬೆಟ್ಟದಹಾದಿ (ಮೈಸೂರು):

ಡ್ರಾಪರಿಗೆ ಈಗಲೇ ದುಡ್ಡು ಹೊಂದಿಸಲು ಆಗುವುದಿಲ್ಲ, ಸದ್ಯಕ್ಕೆ ಟೇಪಿನ ಗುರುತೇ ಗತಿ. 60ಕ್ಕೆ ಎತ್ತಿ ಮೈದಾನದಲ್ಲಿ ನಿಲ್ಲಿಸುವುದು, ಹೊರಡುವುದು ಕಲಿಯುತ್ತಿದ್ದೇನೆ. ಮುಂದಕ್ಕೆ ಜಾರಿ ನಿಲ್ಲುವುದು ಬೇಗ ಬಂತು.

ಇನ್ನೊಂದು ತೊಡಕು ಕಂಡಿತು. ಸುಮ್ನೆ ನೋಡೋಣ ಅಂತ 64ಕ್ಕೆ ಎತ್ತಿದಾಗ ಪೋಸ್ಟಿನ ಕೆಳಗಿರುವ ಅಡ್ಡ ಗೆರೆಗಳು ಒಂದು ಸೆಂಟಿಮೀಟರ್ ಹೊರಗೆ ಬಂದವು. ಮಿನಿಮಮ್ ಇನ್ಸರ್ಷನ್ ಅಂತ ಬರೆದಿದೆ. ಒಂದು ಸೆಂಟಿಮೀಟರ್ ತಾನೇ, ನಡೆಯುತ್ತಾ?

ಸ್ಪ್ಯಾನರ್ (ಹುಬ್ಬಳ್ಳಿ):

ನಡೆಯುವುದಿಲ್ಲರೀ. ಒಂದು ಮಿಲಿಮೀಟರ್ ಕೂಡ ಬೇಡ. ರಿಪೇರಿ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ.

ಆ ಗೆರೆ ಮೇಲೆ ಬಂದರೆ ಫ್ರೇಮಿನ ಒಳಗೆ ಉಳಿದ ಪೋಸ್ಟ್ ಸಾಲದು ಅಂತ ಅರ್ಥ. ನೀವು ಕೂತ ಭಾರ, ಗುಂಡಿಗೆ ಇಳಿದಾಗಿನ ಹೊಡೆತ ಎಲ್ಲಾ ಸೇರಿ ಟ್ಯೂಬಿನ ಬಾಯನ್ನು ಸನ್ನೆಗೋಲು ಹಾಕಿ ಮೀಟಿದ ಹಾಗೆ ಮೀಟುತ್ತದೆ. ಅಲ್ಯೂಮಿನಿಯಂ ಫ್ರೇಮ್ ಮೇಲಿನ ಟ್ಯೂಬ್ ಸೇರುವ ವೆಲ್ಡಿಂಗ್ ಹತ್ತಿರ ಸೀಳುತ್ತದೆ. ಪೋಸ್ಟ್ ಹೋದರೆ ಬೇರೆ ತರಬಹುದು, ಫ್ರೇಮ್ ಹೋದರೆ ಬೈಕೇ ಹೋಯಿತು. ಗೆರೆ ಒಳಗಿದ್ದರೂ ಪೋಸ್ಟಿನ ತುದಿ ಮೇಲಿನ ಟ್ಯೂಬ್ ಸೇರುವ ಜಾಗಕ್ಕಿಂತ ಕೆಳಗೆ ಇಳಿದಿದೆಯಾ ನೋಡಿ.

ನಿಮ್ಮದು ಬಹುಶಃ 300 ಮಿ.ಮೀ. ಉದ್ದದ ಪೋಸ್ಟ್. 350ರದು ಹಾಕಿಸಿ, 64ಕ್ಕೆ ಎತ್ತಿದರೂ ಗೆರೆ ಒಳಗೇ ಉಳಿಯುತ್ತದೆ. 400 ತೆಗೆದುಕೊಂಡರೆ ಇಳಿಜಾರಿಗೆ ಇಳಿಸುವಾಗ ತಳ ತಾಗಿ ನಿಲ್ಲಬಹುದು, ಬೇಡ. ಫ್ರೇಮ್ ಚಿಕ್ಕದಾಯಿತೇನೋ ಅಂತ ಹೆದರಬೇಡಿ. ಈಗಿನ ಮೌಂಟೇನ್ ಬೈಕುಗಳಲ್ಲಿ ಸೀಟ್ ಟ್ಯೂಬನ್ನು ಬೇಕಂತಲೇ ಗಿಡ್ಡ ಇಡುತ್ತಾರೆ.

ಹಾಕುವ ಮೊದಲು ಹಳೇ ಬಟ್ಟೆಯಿಂದ ಟ್ಯೂಬಿನ ಒಳಗಿನ ಮಣ್ಣು ಒರೆಸಿ, ಪೋಸ್ಟಿಗೆ ತೆಳ್ಳಗೆ ಗ್ರೀಸ್ ಸವರಿ. ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಿಕೊಂಡು ಅಲುಗಾಡುವುದಿಲ್ಲ. ಪೋಸ್ಟ್ ಅಥವಾ ಫ್ರೇಮ್ ಕಾರ್ಬನ್ ಆಗಿದ್ದರೆ ಮಾತ್ರ ಗ್ರೀಸ್ ಬೇಡ, ಅದಕ್ಕೆ ಬೇರೆ ಪೇಸ್ಟ್ ಬರುತ್ತದೆ. ಕ್ಲ್ಯಾಂಪಿನ ಬೋಲ್ಟನ್ನು ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್ ಬಿಗಿ ಮಾಡುತ್ತೇವೆ, ಕ್ಲ್ಯಾಂಪ್ ಮೇಲೆ ಬರೆದಿದ್ದರೆ ಅದನ್ನೇ ಪಾಲಿಸಿ. ಕ್ವಿಕ್ ರಿಲೀಸ್ ಆದರೆ ಲಿವರ್ ಮುಚ್ಚಿದಾಗ ಅಂಗೈಯಲ್ಲಿ ಅದರ ಗುರುತು ಮೂಡುವಷ್ಟು ಬಿಗಿ ಇರಲಿ. ಮೊದಲ ಸುತ್ತು ಮುಗಿಸಿ ಬಂದ ಮೇಲೆ ಟೇಪಿನ ಗುರುತು ನೋಡಿ, ಕೆಳಗೆ ಜಾರಿದ್ದರೆ ಬಿಗಿ ಸಾಲದು.

ಪೋಸ್ಟಿನ ದಪ್ಪವನ್ನು ಅದರ ಬುಡದಲ್ಲೇ ಕೊರೆದಿರುತ್ತಾರೆ. 27.2, 30.9, 31.6, ಹೀಗೆ ಏನಾದರೂ ಇರುತ್ತದೆ. ಬರೀ ಸಂಖ್ಯೆ ಬರೆದುಕೊಂಡು ಹೋಗಬೇಡಿ, ಹಳೇ ಪೋಸ್ಟನ್ನೇ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿ. 30.9ಕ್ಕೂ 31.6ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅಂಗಡಿಯಲ್ಲಿ ವರ್ನಿಯರ್ ಹಿಡಿದು ನೋಡಿಯೇ ಕೊಡಲಿ.